ಗಾಜಿನ ಕಾಲುವೆಯಲ್ಲಿ ಜಯಮಂಗಲಿಯ ಮರಳು

ಜಯಮಂಗಲಿಗೆ ನೀರು ಬಂದಾಗ ಅದು ಕೆಂಪಗೆ ಕದಡಿರುತ್ತದೆ. ಒಂದು ಗೇಣು ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ನೀರು ತಿಳಿಯಾಗುವ ಹೊತ್ತಿಗೆ ಹರಿವೂ ಇಳಿದಿರುತ್ತದೆ, ಮರಳು ಸುಮ್ನೆ ಬಿದ್ದಿರುತ್ತದೆ. ಮರಳು ಓಡುವಾಗ ನೋಡಲು ಆಗುವುದಿಲ್ಲ, ನೋಡಲು ಆಗುವಾಗ ಅದು ಓಡುವುದಿಲ್ಲ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಗೆ ಸೇರುವ ನದಿ ಇದು. ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಅದರಲ್ಲಿ ಮರಳು ತೆಗೆದು ಆದ ಗುಂಡಿಗಳ ಬಗ್ಗೆ ಮಾತು ಬಂದಾಗಲೆಲ್ಲ "ಒಂದು ಒಳ್ಳೇ ಮಳೆ ಆದ್ರೆ ತುಂಬ್ಕೊಳ್ಳುತ್ತೆ ಬಿಡಿ" ಎನ್ನುವುದನ್ನು ಕೇಳುತ್ತಲೇ ಬಂದಿದ್ದೇನೆ. ತುಂಬಿಕೊಳ್ಳುವ ಮರಳು ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿತು. ಅದಕ್ಕೇ ಈ ಗಾಜಿನ ಕಾಲುವೆ ಕಟ್ಟಿದೆ.

ಅಳತೆ ಮೊದಲು ಹೇಳುತ್ತೇನೆ. ಉದ್ದ 8 ಅಡಿ, ಒಳ ಅಗಲ 10 ಸೆಂ.ಮೀ., ಎತ್ತರ 20 ಸೆಂ.ಮೀ. ಉದ್ದವನ್ನು ಗಾಜಿನ ಶೀಟು ತೀರ್ಮಾನಿಸಿತು. 8 ಅಡಿಯ ಶೀಟು ತುಮಕೂರಿನಲ್ಲಿ ಸುಲಭವಾಗಿ ಸಿಗುತ್ತದೆ, ಜೋಡಣೆ ಇಲ್ಲದೆ ಒಂದೇ ತುಂಡಿನಲ್ಲಿ ಪಕ್ಕದ ಗೋಡೆ ಆಗುತ್ತದೆ. ಅಗಲವನ್ನು ಪಂಪು ತೀರ್ಮಾನಿಸಿತು. 4 ಸೆಂ.ಮೀ. ಆಳದ ನೀರು ಸೆಕೆಂಡಿಗೆ 45 ಸೆಂ.ಮೀ. ವೇಗದಲ್ಲಿ ಹರಿಯಬೇಕು ಅಂದರೆ, 10 ಸೆಂ.ಮೀ. ಅಗಲಕ್ಕೆ ಸೆಕೆಂಡಿಗೆ 1.8 ಲೀಟರ್ ಬೇಕು. ಅಗಲ ಇನ್ನಷ್ಟು ಮಾಡಿದರೆ ನೋಡಲು ಚೆನ್ನ, ಆದರೆ ಪಂಪು, ಪೈಪು, ಡ್ರಮ್ಮು ಎಲ್ಲವೂ ದೊಡ್ಡದಾಗುತ್ತವೆ.

ಮನೆಯಲ್ಲಿದ್ದ ಟುಲ್ಲು ಪಂಪು ಇದಕ್ಕೆ ಸಾಲುವುದಿಲ್ಲ. ಅದು ನೀರನ್ನು ಮೂರನೇ ಮಹಡಿಗೆ ಏರಿಸುತ್ತದೆ, ಆದರೆ ಸಣ್ಣ ಧಾರೆಯಲ್ಲಿ. ನಮಗೆ ಎತ್ತರ ಬೇಡ, ನೀರು ಜಾಸ್ತಿ ಬೇಕು. ಕೃಷಿ ಹೊಂಡದಿಂದ ಹೊಲಕ್ಕೆ ಹಾಯಿಸಲು ಇಟ್ಟಿದ್ದ 1 ಎಚ್‌ಪಿ ಮಾನೋಬ್ಲಾಕ್ ಸರಿಯಾಗಿ ಹೊಂದಿತು. 200 ಲೀಟರ್ ಡ್ರಮ್ಮಿನಿಂದ ನೀರೆಳೆದು, ಗೇಟ್ ವಾಲ್ವ್ ದಾಟಿಸಿ, ಒಂದೂವರೆ ಇಂಚು ಪಿವಿಸಿ ಪೈಪಿನಲ್ಲಿ ಕಾಲುವೆಯ ತಲೆಗೆ ಬಿಡುತ್ತದೆ. ಹರಿವನ್ನು ಅಳೆಯಲು ಮೀಟರು ಹಾಕಿಲ್ಲ. 15 ಲೀಟರ್ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡುತ್ತೇನೆ. ಎಂಟೂಕಾಲು ಸೆಕೆಂಡಿನ ಆಸುಪಾಸು ಬಂದರೆ ನನಗೆ ಬೇಕಾದ ಹರಿವು ಸಿಕ್ಕಿತು ಅಂತ ಅರ್ಥ.

ಗಾಜು ಅಂಟಿಸುವ ಕೆಲಸವನ್ನು ಮೀನಿನ ತೊಟ್ಟಿ ಮಾಡುವ ಅಂಗಡಿಯವರಿಗೇ ಬಿಟ್ಟೆ. ಇದರಲ್ಲಿ ಕೈಚಳಕ ಬೇಕು, ದುಡ್ಡು ಉಳಿಸುವ ಜಾಗ ಇದಲ್ಲ. ಉದ್ದದ ಗೋಡೆ ನೀರಿನ ಒತ್ತಡಕ್ಕೆ ಹೊರಕ್ಕೆ ಬಾಗದಂತೆ ಮೇಲೆ ಎರಡೆರಡು ಅಡಿಗೊಂದು ಗಾಜಿನ ಅಡ್ಡಪಟ್ಟಿ ಹಾಕಿಸಿದೆ. ಸಿಲಿಕೋನ್ ಪೂರ್ತಿ ಒಣಗಿ, ಆ ಹುಳಿ ವಾಸನೆ ಹೋಗುವ ತನಕ ನೀರು ತುಂಬಬಾರದು. ಕೆಳಗೆ ಕಬ್ಬಿಣದ ಆಂಗಲ್ ಚೌಕಟ್ಟು, ಅದರ ಮೇಲೆ ತೆಳು ಥರ್ಮಾಕೋಲ್ ಹಾಳೆ, ಅದರ ಮೇಲೆ ಗಾಜು. ವೆಲ್ಡಿಂಗಿನ ಸಣ್ಣ ಉಬ್ಬು ಇದ್ದರೂ ಗಾಜು ಅಲ್ಲೇ ಸೀಳುತ್ತದೆ. ಥರ್ಮಾಕೋಲ್ ಆ ಉಬ್ಬನ್ನು ನುಂಗಿಕೊಳ್ಳುತ್ತದೆ.

ಇಳಿಜಾರು ಬದಲಿಸುವ ಏರ್ಪಾಡೇ ಈ ಕಾಲುವೆಯ ಜೀವ. ಚೌಕಟ್ಟಿನ ಕೆಳ ತುದಿಗೆ ಬಾಗಿಲಿನ ತಿರುಗಣಿ, ಮೇಲಿನ ತುದಿಗೆ 12 ಮಿ.ಮೀ. ಥ್ರೆಡ್ ರಾಡು. ಈ ರಾಡಿನ ಥ್ರೆಡ್ಡಿನಲ್ಲಿ ನಟ್ಟು ಒಂದು ಸುತ್ತಿಗೆ 1.75 ಮಿ.ಮೀ. ಏರುತ್ತದೆ. ಉದ್ದ 2.4 ಮೀಟರ್. ಹಾಗಾಗಿ ನಟ್ಟಿನ ಆರು ಸುತ್ತು ಅಂದರೆ ಹತ್ತೂವರೆ ಮಿ.ಮೀ. ಏರಿಕೆ, ಸುಮಾರು 230ಕ್ಕೆ 1 ಇಳಿಜಾರು. ಗಾರೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್ಲಿನಿಂದ ಸೊನ್ನೆ ಗುರುತಿಸಿ, ನಟ್ಟಿನ ಮೇಲೆ ಬಣ್ಣದ ಚುಕ್ಕೆ ಇಟ್ಟೆ. ಈಗ ಸುತ್ತು ಎಣಿಸಿದರೆ ಸಾಕು.

ಇಷ್ಟು ಸೂಕ್ಷ್ಮ ಯಾಕೆ ಅಂದರೆ, ಮರಳನ್ನು ಎಬ್ಬಿಸುವುದು ನೀರಿನ ಮೇಲ್ಮೈ ವೇಗ ಅಲ್ಲ. ನೀರು ತಳವನ್ನು ಎಳೆಯುವ ಬಲ. ಆ ಎಳೆತ ನೀರಿನ ಆಳ ಮತ್ತು ಇಳಿಜಾರು ಎರಡನ್ನೂ ಅವಲಂಬಿಸಿರುತ್ತದೆ. ಆಳ ಎರಡು ಪಟ್ಟಾದರೆ ಎಳೆತವೂ ಎರಡು ಪಟ್ಟು, ಇಳಿಜಾರಿಗೂ ಹಾಗೇ. ಸುಮಾರು 1 ಮಿ.ಮೀ. ಮರಳು ಅಲುಗಾಡಲು ಚದರ ಮೀಟರಿಗೆ ಅರ್ಧ ನ್ಯೂಟನ್ನಿನಷ್ಟು ಎಳೆತ ಬೇಕು. 4 ಸೆಂ.ಮೀ. ಆಳದ ನೀರಿನಲ್ಲಿ ಇದು ಸಿಗಲು 2.4 ಮೀಟರಿಗೆ ಮೂರು ನಾಲ್ಕು ಮಿ.ಮೀ. ಇಳಿಜಾರು ಸಾಕು. ಅಂದರೆ ನಟ್ಟಿನ ಎರಡು ಸುತ್ತು ದಾಟಿದ ಮೇಲೆ ಏನಾದರೂ ಆಗಬೇಕು ಎಂದು ಕಾಗದದ ಮೇಲೆ ಲೆಕ್ಕ ಬಂತು. ಪಕ್ಕದ ಗಾಜೂ ನೀರನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ನಿಜವಾಗಿ ಇನ್ನೊಂಚೂರು ಜಾಸ್ತಿ ಬೇಕು.

ಪೈಪಿನಿಂದ ಬರುವ ನೀರು ಸುಳಿ ಸುತ್ತುತ್ತಾ ಬರುತ್ತದೆ. ಅದನ್ನು ನೇರ ಮಾಡಲು ಕರೆಂಟ್ ವೈರಿಂಗಿನ 20 ಮಿ.ಮೀ. ಪಿವಿಸಿ ಪೈಪನ್ನು ಆರಾರು ಇಂಚಿನ ತುಂಡು ಮಾಡಿ, ಸಾಲಾಗಿ ಅಡುಕಿ ಕಾಲುವೆಯ ತಲೆಗೆ ತುರುಕಿದೆ. ಮುಂದೆ ಒಂದು ತೇಲುವ ಥರ್ಮಾಕೋಲ್ ತುಂಡು ಇಟ್ಟಿದ್ದೇನೆ, ಮೇಲಿನ ಅಲೆ ಅಡಗುತ್ತದೆ. ಬಾಲದ ಕಡೆ ಕೆರೆಯ ತೂಬಿಗೆ ಹಾಕುವಂತೆ ಮೇಲೆ ಕೆಳಗೆ ಜಾರುವ ಅಕ್ರಿಲಿಕ್ ಹಲಗೆ. ಇದಿಲ್ಲದಿದ್ದರೆ ತುದಿಯಲ್ಲಿ ನೀರು ಧುಮುಕಿ, ಕೊನೆಯ ಎರಡು ಮೂರು ಅಡಿ ತೆಳ್ಳಗಾಗಿ ಓಡುತ್ತದೆ. ಎಲ್ಲ ಕಡೆ ಒಂದೇ ಆಳ ಬರುವ ತನಕ ಈ ಹಲಗೆ ಸರಿಮಾಡಬೇಕು. ಅದರ ಕೆಳಗೆ ಸೊಳ್ಳೆ ಪರದೆ ಬಟ್ಟೆಯ ಎರಡು ಪದರದ ಚೀಲ. ಬಂದ ಮರಳು ಅಲ್ಲೇ ನಿಲ್ಲಬೇಕು, ಪಂಪಿಗೆ ಹೋದರೆ ಇಂಪೆಲ್ಲರ್ ಸವೆದುಹೋಗುತ್ತದೆ.

ಮರಳು ಕೊರಟಗೆರೆ ಕಡೆಯ ಹೊಳೆಯಂಚಿನಿಂದ ಒಂದು ಚೀಲ ತಂದದ್ದು. ತೊಳೆದು ಒಣಗಿಸಿ, ಸಿವಿಲ್ ಲ್ಯಾಬಿನಿಂದ ಎರವಲು ತಂದ ಜರಡಿಗಳಲ್ಲಿ ಜರಡಿ ಹಿಡಿದೆ. 1.18 ಮಿ.ಮೀ. ಜರಡಿಯಿಂದ ಬಿದ್ದು 600 ಮೈಕ್ರಾನ್ (0.6 ಮಿ.ಮೀ.) ಜರಡಿಯಲ್ಲಿ ಉಳಿದದ್ದು ಒಂದು ಡಬ್ಬಿ, ಇದು ದೊಡ್ಡ ಕಣದ್ದು. 600ರಿಂದ ಬಿದ್ದು 300ರಲ್ಲಿ ಉಳಿದದ್ದು ಇನ್ನೊಂದು, ಇದು ಸಣ್ಣ ಕಣದ್ದು. ಭೂತಗನ್ನಡಿಯಲ್ಲಿ ನೋಡಿದರೆ ಈ ಮರಳು ಬಹಳ ಚೆಂದ. ಹೊಳೆಯುವ ಬಿಳಿ ಬೆಣಚು, ತಿಳಿಗೆಂಪು ಫೆಲ್ಡ್‌ಸ್ಪಾರ್, ಕಪ್ಪು ಕಾಗೆಬಂಗಾರದ ಚಕ್ಕೆ. ಎಲ್ಲವೂ ನಮ್ಮ ಗುಂಡುಕಲ್ಲಿನ ಬೆಟ್ಟಗಳು ಪುಡಿಯಾದದ್ದೇ.

ಮೊದಲು ಒಂಟಿ ಕಣ ನೋಡಬೇಕಿತ್ತು. ಕಾಲುವೆಯ ತಳಕ್ಕೆ ಸಡಿಲ ಮರಳು ಹಾಕಿದರೆ ಎಲ್ಲವೂ ಒಟ್ಟಿಗೆ ಹೊರಟು ಯಾವುದು ಯಾವುದೋ ಗೊತ್ತಾಗುವುದಿಲ್ಲ. ಅದಕ್ಕೆ ಅಕ್ರಿಲಿಕ್ ಪಟ್ಟಿಗೆ ಎಪಾಕ್ಸಿ ಬಳಿದು, ದೊಡ್ಡ ಕಣದ ಡಬ್ಬಿಯ ಮರಳನ್ನು ಒತ್ತಿ ಅಂಟಿಸಿದೆ. ಮರಗೆಲಸದ ಬಿಳಿ ಅಂಟು ಬೇಡ, ನೀರಲ್ಲಿ ಬಿಡುತ್ತದೆ. ಹೀಗೆ ತಳ ಒರಟಾಗಿಯೇ ಇರುತ್ತದೆ, ಆದರೆ ಅಲುಗಾಡುವುದಿಲ್ಲ. ಬೇರೆ ಒಂದಷ್ಟು ಕಣಗಳಿಗೆ ಕೆಂಪು ಸ್ಪ್ರೇ ಬಣ್ಣ ಹೊಡೆದು ಒಣಗಿಸಿ, ಮತ್ತೆ ಜರಡಿ ಹಿಡಿದು, ಆ ಪಟ್ಟಿಯ ಮೇಲೆ ಒಂದೊಂದಾಗಿ ಬಿಟ್ಟೆ.

ವಿಡಿಯೋ ಹಿಡಿದವನು ಅಕ್ಕನ ಮಗ. ಅವನ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮು ಬರುತ್ತದೆ. ಮನೆಯ ಕರೆಂಟಿನ ಬಲ್ಬು ನಿಧಾನ ವಿಡಿಯೋದಲ್ಲಿ ಮಿಣುಕುತ್ತದೆ. ಬೈಕಿನ 12 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ಕೊಟ್ಟರೆ ಆ ತೊಂದರೆ ಇಲ್ಲ. ಬೆಳಕನ್ನು ಮೇಲಿನಿಂದ, ರಟ್ಟಿನಲ್ಲಿ ಕೊಯ್ದ ಒಂದು ಸಣ್ಣ ಸೀಳಿನ ಮೂಲಕ ಬಿಡಬೇಕು. ಆಗ ಕಾಲುವೆಯ ನಡುವೆ ಹೋಗುವ ಕಣ ಮಾತ್ರ ಹೊಳೆಯುತ್ತದೆ. ಗಾಜಿಗೆ ಒತ್ತಿಕೊಂಡು ಹೋಗುವ ಕಣಗಳ ನಡೆ ಬೇರೆ, ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

"ಮಾಮ, ಇದು ಉರುಳ್ತಾ ಇಲ್ಲ. ಎಗರ್ತಾ ಇದೆ!" ಅಂದ ಅವನು, ಮೊದಲ ವಿಡಿಯೋ ನೋಡಿ.

ಹೌದು, ಎಗರುತ್ತಿತ್ತು. ಬರಿಗಣ್ಣಿಗೆ ಕೆಂಪು ಗೆರೆ ಜಾರಿಹೋದ ಹಾಗೆ ಕಂಡದ್ದು ನಿಧಾನ ಮಾಡಿದಾಗ ಪುಟ್ಟ ಪುಟ್ಟ ಜಿಗಿತಗಳ ಸಾಲು. ಕುಂಟೆಬಿಲ್ಲೆ ಆಡುವ ಮಗುವಿನ ಹಾಗೆ ನೆಗೆದು, ಊರಿ, ಮತ್ತೆ ನೆಗೆದು, ಒಂದು ಕಡೆ ನಿಂತುಬಿಡುತ್ತದೆ. ಕಣ ಕಡಿದಾಗಿ ಏಳುತ್ತದೆ, ನೀರು ಅದನ್ನು ಮುಂದಕ್ಕೆ ತಳ್ಳುತ್ತದೆ, ಇಳಿಯುವಾಗ ಉದ್ದನೆಯ ಓರೆ ದಾರಿಯಲ್ಲಿ ಇಳಿಯುತ್ತದೆ. ಎತ್ತರ ನೋಡಿದರೆ ಕಣದ ಎರಡು ಮೂರು ಪಟ್ಟು ಅಷ್ಟೇ. ಉದ್ದ ಹತ್ತರಿಂದ ಇಪ್ಪತ್ತು ಪಟ್ಟು. ಒಂದು ಮಿ.ಮೀ. ಕಣಕ್ಕೆ ಅದು ಒಂದೆರಡು ಸೆಂ.ಮೀ. 4 ಸೆಂ.ಮೀ. ನೀರು ಮೇಲೆ ಹರಿಯುತ್ತಿದ್ದರೂ ಮರಳು ಬಳಸಿಕೊಳ್ಳುವುದು ತಳದ ಎರಡು ಮೂರು ಮಿ.ಮೀ. ಪದರವನ್ನು ಮಾತ್ರ!

ಗಾಳಿಯಲ್ಲಿ ಹಾರುವ ಮರಳೂ ಹೀಗೇ ಜಿಗಿಯುತ್ತದೆ, ಆದರೆ ಅಲ್ಲಿ ಜಿಗಿತ ಕಣದ ನೂರಾರು ಪಟ್ಟು ಉದ್ದ. ಬೆಣಚು ನೀರಿಗಿಂತ 2.65 ಪಟ್ಟು ಭಾರ, ಗಾಳಿಗಿಂತ ಎರಡು ಸಾವಿರ ಪಟ್ಟಿಗೂ ಜಾಸ್ತಿ. ಗಾಳಿಯಲ್ಲಿ ಬೀಳುವ ಕಣ ಗುಂಡಿನ ಹಾಗೆ ಬಡಿದು ಪಕ್ಕದ ಕಣಗಳನ್ನೂ ಎಬ್ಬಿಸುತ್ತದೆ. ನೀರಿನಲ್ಲಿ ಬೀಳುವ ಕಣಕ್ಕೂ ತಳಕ್ಕೂ ನಡುವೆ ಸಿಕ್ಕಿದ ನೀರೇ ಪೆಟ್ಟನ್ನು ಮೆತ್ತಗೆ ಮಾಡುತ್ತದೆ. ಇಲ್ಲಿ ಎಬ್ಬಿಸುವ ಕೆಲಸ ಬಹುಪಾಲು ನೀರಿನದ್ದೇ.

ನಟ್ಟು ಎರಡು ಸುತ್ತು ದಾಟುವಾಗ ನೋಡಿದ್ದು ನನಗೆ ಬಹಳ ಮುಖ್ಯ. ಅಂಟಿಸಿದ ಪಟ್ಟಿ ತೆಗೆದು ಸಡಿಲ ಮರಳು ಹಾಸಿದ್ದೆ. ಒಂದು ಗಡಿ ದಾಟಿದ ಕೂಡಲೇ ಎಲ್ಲ ಮರಳೂ ಹೊರಡುತ್ತದೆ ಎಂದು ಪುಸ್ತಕದ ನಕ್ಷೆಯಲ್ಲಿರುವ ಗಡಿಗೆರೆ ನೋಡಿದವರಿಗೆ ಅನ್ನಿಸಬಹುದು. ಹಾಗಾಗುವುದಿಲ್ಲ. ಒಂದು ಕಡೆ ಅಂಗೈಯಗಲ ಜಾಗದಲ್ಲಿ ಹತ್ತಾರು ಕಣ ಒಮ್ಮೆಲೇ ಕದಲಿ ನಿಲ್ಲುತ್ತವೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಕಡೆ. ಮೇಲಿನ ವೇಗದ ನೀರು ಆಗಾಗ ಸುಳಿಯಾಗಿ ತಳಕ್ಕೆ ಇಳಿದು ಗುಡಿಸುತ್ತದೆ, ಕಣಗಳು ಏಳುವುದು ಆ ಗಳಿಗೆಯಲ್ಲಿ. ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್ 1937ರಲ್ಲಿ ಜ್ಯೂರಿಕ್‌ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ಲೆಕ್ಕಕ್ಕೆ ತಂದರು. ಕಣ ಒಂದಷ್ಟು ದೂರ ಹೋಗುತ್ತದೆ, ಒಂದಷ್ಟು ಹೊತ್ತು ನಿಲ್ಲುತ್ತದೆ, ಎರಡೂ ಸಂಭವದ ಆಟ ಎಂದು. ಇವರು ಆಲ್ಬರ್ಟ್ ಐನ್‌ಸ್ಟೈನ್ ಅವರ ಮಗ. ಜೀವಮಾನವೆಲ್ಲ ನದಿಯ ಮರಳಿನ ಹಿಂದೆ ಹೋದವರು. ನಿಲ್ಲುವ ಹೊತ್ತೇ ಹೆಚ್ಚು ಎನ್ನುವುದು ಕಾಲುವೆಯ ಮುಂದೆ ಕೂತರೆ ಬೇಗ ಮನಸ್ಸಿಗೆ ಬರುತ್ತದೆ. ಕೆಂಪು ಕಣ ಒಂದಷ್ಟು ಜಿಗಿದು, ಬೇರೆ ಕಣಗಳ ಸಂದಿಯಲ್ಲಿ ಕೂತು, ಮೇಲೆ ಇನ್ನೊಂದು ಪದರ ಮುಚ್ಚಿಕೊಂಡು ಕಾಣೆಯೇ ಆಗುತ್ತದೆ.

ಮರಳಿನ ಬದಲು ರಾಗಿಯನ್ನೂ ಹಾಕಿ ನೋಡಿದೆ, ಅದು ಸುಮ್ನೆ ಆಟಕ್ಕಲ್ಲ. ಆಲ್ಬರ್ಟ್ ಶೀಲ್ಡ್ಸ್ ಎಂಬವರು 1936ರಲ್ಲಿ ಬರ್ಲಿನ್‌ನಲ್ಲಿ ಕಣ ಯಾವಾಗ ಹೊರಡುತ್ತದೆ ಎಂಬ ಲೆಕ್ಕ ಕೊಟ್ಟರು. ಗ್ರಾನೈಟ್ ಅಲ್ಲದೆ ಹಗುರವಾದ ಅಂಬರ್, ಕಂದು ಕಲ್ಲಿದ್ದಲು, ಭಾರವಾದ ಬರೈಟ್ ಕೂಡ ಅವರ ಲೆಕ್ಕದಲ್ಲಿದ್ದವು. ಗಾತ್ರ ಮತ್ತು ತೂಕ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಅದರ ಗುಟ್ಟು. ನಮ್ಮಲ್ಲಿ ಅಂಬರ್ ಎಲ್ಲಿ ತರೋಣ, ರಾಗಿ ಇದೆ. ದುಂಡಗೆ, ಹೆಚ್ಚುಕಡಿಮೆ ಈ ಮರಳಿನ ಗಾತ್ರಕ್ಕೇ ಹತ್ತಿರ, ನೀರಿಗಿಂತ ಸ್ವಲ್ಪವೇ ಭಾರ. ರಾತ್ರಿ ನೆನೆಸಿಡಬೇಕು, ಇಲ್ಲದಿದ್ದರೆ ತೇಲುತ್ತದೆ. ಮರಳು ಅಲ್ಲಾಡದ ಇಳಿಜಾರಿನಲ್ಲೇ ರಾಗಿ ಜಿಗಿಯತೊಡಗಿತು. ಮರಳು ಹೊರಡುವ ಇಳಿಜಾರಿಗೆ ಬಂದಾಗ ರಾಗಿ ತಳವನ್ನೇ ಬಿಟ್ಟು ನೀರಿನ ನಡುವೆ ಈಜುತ್ತಿತ್ತು.

ಅದೇ ಜರಡಿಯಲ್ಲಿ ಹಿಡಿದ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಹೊಳೆಯ ಮರಳಿಗಿಂತ ತಡವಾಗಿ ಹೊರಟಿತು. ಅದರ ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಯಸ್ಕಾಂತಕ್ಕೆ ಅಂಟುವ ಕಪ್ಪು ಮ್ಯಾಗ್ನೆಟೈಟ್ ನೀರಿನ 5.2 ಪಟ್ಟು ಭಾರ. ಅದು ಹಿಂದೆಯೇ ಉಳಿದು ಕಪ್ಪು ಪಟ್ಟೆಯಾಯಿತು. ಮಳೆ ನಿಂತ ಮೇಲೆ ಹಳ್ಳಗಳಲ್ಲಿ ಕಾಣುವ ಕಪ್ಪು ಗೆರೆ ಹೀಗೇ ಆಗುವುದು. ಆ ಕಡೆ ಕೋಲಾರದಲ್ಲಿ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದ ಹಳ್ಳಿಗರ ಕೆಲಸವನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ನೋಡಿದ್ದರು. ಆ ಹಳ್ಳಿಗರ ಕೈಯಲ್ಲಿದ್ದದ್ದೂ ಇದೇ ವಿದ್ಯೆ. ಹಗುರವಾದದ್ದು ಜಿಗಿದು ಹೋಗುತ್ತದೆ, ನೀರಿನ 19 ಪಟ್ಟು ಭಾರದ ಚಿನ್ನ ತಳದಲ್ಲಿ ಉಳಿಯುತ್ತದೆ.

ಕೆರೆ ಗೋಡು ಇದಕ್ಕೆಲ್ಲ ಉಲ್ಟಾ. ಕಣ ತೀರಾ ಸಣ್ಣದು, ಹಾಗಾದರೆ ಮೊದಲು ಹೋಗಬೇಕು, ಅಲ್ವಾ? ಒಣಗಿ ಗಟ್ಟಿಯಾದ ಗೋಡಿನ ಹೆಂಟೆಯನ್ನು ನೆನೆಸಿ ತಳಕ್ಕೆ ಒತ್ತಿದೆ. ಮರಳು ಅದರ ಮೇಲೆ ಜಿಗಿದುಕೊಂಡು ಹೋಯಿತು, ಗೋಡು ಕೂತಲ್ಲೇ ಕೂತಿತ್ತು. ಜೇಡಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆದರೆ ಕೈಯಲ್ಲಿ ಕಲಕಿ ಬಿಟ್ಟ ಮೇಲೆ ಅದು ಮತ್ತೆ ಇಳಿಯಲೇ ಇಲ್ಲ. ಡ್ರಮ್ಮಿನ ನೀರೆಲ್ಲ ಕೆಂಪಾಗಿ, ಬೇರೆ ನೀರು ತುಂಬಬೇಕಾಯಿತು. ಹೊಳೆಯಲ್ಲಿ ಮೇಲೆ ಕಾಣುವ ಕೆಂಪು ಬಣ್ಣ ಈ ಗೋಡಿನದ್ದು. ಮರಳಿನ ಓಟ ಅದರ ಕೆಳಗೆ, ಬೇರೆಯೇ ವೇಗದಲ್ಲಿ ನಡೆಯುತ್ತಿರುತ್ತದೆ.

ಸಣ್ಣ ಕಣದ ಡಬ್ಬಿಯ ಮರಳು ಹಾಸಿದಾಗ ತಳ ಚಪ್ಪಟೆಯಾಗಿ ಉಳಿಯಲಿಲ್ಲ. ಗೇಣುದ್ದಕ್ಕೊಂದು ಅಲೆ ಎದ್ದಿತು. ಕಣಗಳು ಅಲೆಯ ಬೆನ್ನು ಹತ್ತಿ, ನೆತ್ತಿಯಿಂದ ಮುಂದಿನ ಇಳುಕಲಿಗೆ ಜಾರಿ ಬಿದ್ದು, ಅಲೆಯೇ ನಿಧಾನವಾಗಿ ಮುಂದೆ ನಡೆಯಿತು. ದೊಡ್ಡ ಕಣದ ಡಬ್ಬಿಯ ಮರಳಿನಲ್ಲಿ ಈ ಅಲೆ ಬರಲಿಲ್ಲ. ಸುಮಾರು 0.7 ಮಿ.ಮೀ. ದಾಟಿದ ಮರಳಿನಲ್ಲಿ ಇಂಥ ಸಣ್ಣ ಅಲೆಗಳು ಏಳುವುದಿಲ್ಲ.

ಈಗ ಗುಂಡಿಯ ವಿಷಯ. ಇದಕ್ಕೆ ಮೇಲಿನಿಂದ ಸಮನಾಗಿ ಮರಳು ಬರುತ್ತಿರಬೇಕು, ಇಲ್ಲದಿದ್ದರೆ ಕಾಲುವೆಯ ತಲೆಯೇ ಬರಿದಾಗುತ್ತದೆ. ಗುಜರಿಯಲ್ಲಿ ಸಿಕ್ಕಿದ ಕಾರಿನ ವೈಪರ್ ಮೋಟರಿಗೆ ಲೇತಿನಲ್ಲಿ ತೋಡು ಕೊರೆಸಿದ ಮರದ ಉರುಳೆ ಜೋಡಿಸಿ, ಮೇಲೆ ಕತ್ತರಿಸಿದ ನೀರಿನ ಕ್ಯಾನು ಮಗುಚಿ ಕೂರಿಸಿದೆ. ತೋಡಿಗೆ ತುಂಬಿದಷ್ಟು ಮರಳು ಸುತ್ತಿಗೊಮ್ಮೆ ಬೀಳುತ್ತದೆ. ಮರಳು ಪೂರ್ತಿ ಒಣಗಿರಬೇಕು, ಒಂಚೂರು ತೇವ ಇದ್ದರೂ ಗಂಟು ಕಟ್ಟುತ್ತದೆ. ಆರು ಸುತ್ತಿನ ಇಳಿಜಾರಿನಲ್ಲಿ, ತಳ ಏರದೆ ಇಳಿಯದೆ ನಿಲ್ಲುವಂತೆ ಮೋಟರಿನ ವೇಗ ಹೊಂದಿಸಿದಾಗ ಬಾಲದ ಚೀಲಕ್ಕೆ ಬಿದ್ದ ಮರಳು ತೂಗಿದೆ. ನಿಮಿಷಕ್ಕೆ ಸುಮಾರು 50 ಗ್ರಾಂ. ಅದೇ ನಿಮಿಷದಲ್ಲಿ ಹರಿದ ನೀರು ನೂರು ಕೆ.ಜಿ.ಗೂ ಹೆಚ್ಚು. ಈ ಎರಡು ತೂಕ ಪಕ್ಕಪಕ್ಕ ಬರೆದಾಗ ನಾನು ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತೆ. ಅಷ್ಟು ನೀರಿಗೆ ಇಷ್ಟೇ ಮರಳು.

4 ಸೆಂ.ಮೀ. ದಪ್ಪದ ಮರಳಿನ ಹಾಸಿನ ನಡುವೆ, ಪೂರ್ತಿ ಅಗಲಕ್ಕೆ, 20 ಸೆಂ.ಮೀ. ಉದ್ದ, 3 ಸೆಂ.ಮೀ. ಆಳದ ಗುಂಡಿ ತೆಗೆದೆ. ತೆಗೆದದ್ದು ಒಂದು ಕೆ.ಜಿ.ಯ ಹತ್ತಿರ. ನೀರು ಬಿಟ್ಟೆ. ಮೇಲಿನಿಂದ ಜಿಗಿಯುತ್ತಾ ಬಂದ ಕಣಗಳು ಗುಂಡಿಯ ಅಂಚಿನಲ್ಲಿ ಕೆಳಗೆ ಬಿದ್ದವು, ಅಲ್ಲೇ ಉಳಿದವು. ಗುಂಡಿಯಲ್ಲಿ ನೀರು ಆಳ, ಅಷ್ಟೇ ಹರಿವು ಅಲ್ಲಿ ನಿಧಾನವಾಗುವುದರಿಂದ ತಳದ ಎಳೆತ ಸಾಲದು. ಗುಂಡಿ ದಾಟಿದ ನೀರಿನಲ್ಲಿ ಮರಳೇ ಇಲ್ಲ, ಆದರೆ ಮರಳು ಹೊರುವ ಬಲ ಹಾಗೇ ಇದೆ. ಅದು ಕೆಳಗಿನ ಅಂಚನ್ನು ಕೊರೆಯಲು ಶುರು ಮಾಡಿತು. ಮೇಲಿನ ಅಂಚೂ ನಿಲ್ಲಲಿಲ್ಲ, ಕುಸಿಯುತ್ತಾ ಹಿಂದಕ್ಕೆ ಸರಿಯಿತು. ಇಪ್ಪತ್ತು ನಿಮಿಷದ ಹೊತ್ತಿಗೆ ಗುಂಡಿ ತುಂಬಿತ್ತು. ಕಣ್ಣಿಗೆ ಎಲ್ಲ ಸರಿಯಾದ ಹಾಗೆಯೇ. ಸ್ಕೇಲು ಹಿಡಿದರೆ ಗುಂಡಿಯ ಕೆಳಗಿನ ಒಂದು ಮೀಟರು ಸರಾಸರಿ ಅರ್ಧ ಸೆಂ.ಮೀ. ತಗ್ಗಿತ್ತು, ಅಂಚಿನ ಹತ್ತಿರ ಇನ್ನೂ ಜಾಸ್ತಿ. ಗುಂಡಿ ತುಂಬುತ್ತೆ ಎನ್ನುವುದು ನಿಜ. ಅದಕ್ಕೆ ಬಿದ್ದ ಒಂದು ಕೆ.ಜಿ. ಕೆಳಗಿನವರಿಗೆ ಸೇರಬೇಕಾದದ್ದಾಗಿತ್ತು.

ಮನೆ ಕಟ್ಟಲು ಮರಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹೊಳೆಗೆ ನೀರು ಬರುವುದೇ ಅಪರೂಪ. ಬಂದ ದಿನಗಳಲ್ಲೂ ಮರಳು ಸಾಗುವುದು ಸೆಂಟಿಮೀಟರಿನ ಜಿಗಿತಗಳಲ್ಲಿ. ಲಾರಿ ಒಂದು ಗಂಟೆಯಲ್ಲಿ ಒಯ್ಯುವುದನ್ನು ಹೊಳೆ ಯಾವಾಗ ತಂದು ಕೊಡಬೇಕು?

ಕೊನೆಗೆ ಸೇತುವೆಯ ಕಂಬಕ್ಕೆ ಬದಲಾಗಿ ಅದೇ 20 ಮಿ.ಮೀ. ವೈರಿಂಗ್ ಪೈಪಿನ ಒಂದು ತುಂಡನ್ನು ಮರಳಿನಲ್ಲಿ ನಿಲ್ಲಿಸಿದೆ. ಗುಂಡಿ ಇಲ್ಲದಾಗಲೂ ಕಂಬದ ಮುಂದೆ ನೀರು ಕೆಳಕ್ಕೆ ತಿರುಗಿ, ಬುಡವನ್ನು ಸುತ್ತಿ, ಕಂಬದ ದಪ್ಪದಷ್ಟು ಆಳ ಕೊರೆಯಿತು. ಆಮೇಲೆ ಕಂಬಕ್ಕೆ ಸ್ವಲ್ಪ ಮೇಲೆ ಗುಂಡಿ ತೆಗೆದು ಮತ್ತೆ ನೀರು ಬಿಟ್ಟೆ. ಹಾಸು ತಗ್ಗಿದ್ದು ಒಂದು, ಬುಡದ ಸುಳಿ ಕೊರೆದದ್ದು ಇನ್ನೊಂದು. ಎರಡೂ ಸೇರಿ ಕಂಬದ ಮುಂದೆ ತಳದ ಗಾಜು ಕಂಡಿತು, ಕಂಬ ಓಲಿತು. ಮುಂದಿನ ಸಲ 8 ಸೆಂ.ಮೀ. ಹಾಸು ಹಾಕಿ, ಗುಂಡಿಯನ್ನು ಕಂಬದಿಂದ ದೂರ ದೂರ ಸರಿಸುತ್ತಾ ಯಾವ ದೂರದಲ್ಲಿ ಬುಡಕ್ಕೆ ತೊಂದರೆ ನಿಲ್ಲುತ್ತದೆ ಎಂದು ಅಳೆಯಬೇಕು. ಅದಕ್ಕೆ ಹೊಸ ಗಾಜು ಬೇಡ, ಬಾಲದ ಹಲಗೆಯನ್ನು ನಾಲ್ಕು ಸೆಂ.ಮೀ. ಎತ್ತರಿಸಿದರೆ ಸಾಕು.